ಫೆಬ್ರವರಿಯ ಬೈಲಿಗೆ ಹಕ್ಕಿ ನೋಡಲು ಹೋದರೆ ತಡವಾಯಿತೇ?

ಪ್ರಶ್ನೆ: ನಮ್ಮ ಮನೆ ಕಾಸರಗೋಡು ಜಿಲ್ಲೆಯ ಕುಂಬಳೆ ಹತ್ತಿರ. ಮನೆ ಹಿಂದೆ ಬೈಲು (ತಗ್ಗಿನ ಗದ್ದೆಗಳು), ಬೈಲಿನ ತುದಿಯಲ್ಲಿ ಆಪು ಹುಲ್ಲು ಬೆಳೆದ ಜೌಗು, ಅದರಾಚೆ ಹೊಳೆ ಬದಿಯ ಕಾಂಡ್ಲ (ಮ್ಯಾಂಗ್ರೋವ್) ಕಾಡು. ಐದನೇ ಕ್ಲಾಸಿನ ಮಗಳಿಗೆ ಹಕ್ಕಿಗಳ ಹುಚ್ಚು ಹಿಡಿದಿದೆ. ಈಗ ಫೆಬ್ರವರಿ ಬಂತು, ಚಳಿಗಾಲದ ಹಕ್ಕಿಗಳೆಲ್ಲ ಹೊರಟು ಹೋಗಿರುತ್ತವೆ, ಡಿಸೆಂಬರಿನಲ್ಲೇ ಶುರು ಮಾಡಬೇಕಿತ್ತು ಅಂತ ಒಬ್ಬರು ಹೇಳಿದರು. ಹೌದಾ? ಎರಡು ಸಲ ಹೋಗಿ ಬಂದೆವು. ಕಂದು ಬಣ್ಣದ ಚಿಕ್ಕ ಹಕ್ಕಿಗಳೆಲ್ಲ ಒಂದೇ ಥರ ಕಾಣುತ್ತವೆ, ಹತ್ತಿರ ಹೋದರೆ ಹಾರಿಹೋಗುತ್ತವೆ. ಬೈನಾಕ್ಯುಲರ್ ಬೇಕೇ ಬೇಕಾ? ನಮ್ಮ ನಾಯಿಯೂ ಹಿಂದೆಯೇ ಬರುತ್ತದೆ, ಪರವಾಗಿಲ್ವಾ?

ಉತ್ತರ: ತಡವಾಗಿಲ್ಲ. ಕಲಿಯುವವರಿಗೆ ನಾನು ಫೆಬ್ರವರಿಯನ್ನೇ ಹೇಳುವುದು. ಡಿಸೆಂಬರಿಗಿಂತ ಇದೇ ಒಳ್ಳೆಯ ಸಮಯ.

ಕಾರಣ ನೀರು. ಉತ್ತರದಿಂದ ಬರುವ ಹಕ್ಕಿಗಳು ನಮ್ಮ ಕರಾವಳಿಗೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಇಳಿಯುತ್ತವೆ. ಹೆಚ್ಚಿನವು ಹೊರಡುವುದು ಮಾರ್ಚ್ ಕೊನೆ, ಏಪ್ರಿಲ್ ಹೊತ್ತಿಗೆ. ಅಂದರೆ ಫೆಬ್ರವರಿಯಲ್ಲಿ ಹಕ್ಕಿಗಳು ಇಲ್ಲೇ ಇರುತ್ತವೆ, ನೀರು ಮಾತ್ರ ಕಮ್ಮಿಯಾಗಿರುತ್ತದೆ. ಡಿಸೆಂಬರಿನಲ್ಲಿ ಗದ್ದೆ, ತೋಡು, ಪಳ್ಳ, ಮದಕ ಎಲ್ಲ ಕಡೆ ನೀರಿರುತ್ತದೆ. ಹಕ್ಕಿಗಳೂ ಎಲ್ಲ ಕಡೆ ಚದುರಿರುತ್ತವೆ. ಈಗ ಮಜಲಿನ (ತುಸು ಎತ್ತರದ) ಗದ್ದೆ ಒಣಗಿ ಬಿರುಕು ಬಿಟ್ಟಿದೆ, ಪಳ್ಳಗಳ ತಳ ಕಾಣುತ್ತಿದೆ. ಉಳಿದಿರುವುದು ನಿಮ್ಮ ಬೈಲಿನಂಥ ತಗ್ಗು ಜಾಗ. ಅಲ್ಲಿ ಯಾರಾದರೂ ಕೊಳಕೆ ಬೆಳೆ, ಅಂದರೆ ಮೂರನೇ ಭತ್ತದ ಬೆಳೆ, ಇಟ್ಟಿದ್ದರೆ ಇನ್ನೂ ಒಳ್ಳೆಯದು. ನೆಟ್ಟ ಹೊಸದರಲ್ಲಿ ಕೊಳಕೆ ಗದ್ದೆಯಲ್ಲಿ ಪಾದ ಮುಳುಗುವಷ್ಟು ನೀರು, ಮೆತ್ತನೆ ಕೆಸರು, ಕೆಸರಿನ ತುಂಬಾ ಹುಳ. ಸುತ್ತಲಿನ ಹಕ್ಕಿಗಳೆಲ್ಲ ಅಲ್ಲಿಗೇ ಬರಬೇಕು, ಬೇರೆ ದಾರಿ ಇಲ್ಲ. ಕಟ್ಟ ಹಾಕಿದ ತೋಡಿದ್ದರೆ ಅದರ ಮೇಲ್ಭಾಗದಲ್ಲಿ ನಿಂತ ನೀರೂ ಹೀಗೆಯೇ.

ಇನ್ನೊಂದು ಲಾಭವೂ ಉಂಟು. ದೂರ ಹಾರಬೇಕಾದ ಹಕ್ಕಿಗಳು ಹೊರಡುವ ಮೊದಲು ಮೈಯಲ್ಲಿ ಕೊಬ್ಬು ಸೇರಿಸಿಕೊಳ್ಳಬೇಕು. ಹಾಗಾಗಿ ಇನ್ನು ಮುಂದೆ ಅವಕ್ಕೆ ದಿನವಿಡೀ ತಿನ್ನುವುದೇ ಕೆಲಸ. ತಿನ್ನುವುದರಲ್ಲಿ ಮುಳುಗಿದ ಹಕ್ಕಿ ನಮ್ಮನ್ನು ಸ್ವಲ್ಪ ಜಾಸ್ತಿಯೇ ಸಹಿಸಿಕೊಳ್ಳುತ್ತದೆ.

ಈಗ ನಿಮ್ಮ ಮುಖ್ಯ ತೊಂದರೆಗೆ ಬರೋಣ. ಹತ್ತಿರ ಹೋದರೆ ಹಾರಿಹೋಗುತ್ತವೆ ಅಂದಿರಿ. ಹಾಗಾದರೆ ಹತ್ತಿರ ಹೋಗಬೇಡಿ. ಸುಮ್ನೆ ಹೇಳುತ್ತಿಲ್ಲ, ನನಗೂ ಇದು ತಿಳಿಯಲು ವರ್ಷಗಳು ಬೇಕಾದವು. ನಾವು ವಾಕಿಂಗ್ ಅಂದುಕೊಂಡು ಹೋಗುತ್ತೇವೆ, ಹುಣಿಯ (ಗದ್ದೆ ಬದುವಿನ) ಮೇಲೆ ಸರಸರ ನಡೆಯುತ್ತೇವೆ, ಐವತ್ತು ಹೆಜ್ಜೆ ಮುಂದಿನ ಹಕ್ಕಿ ಹಾರುತ್ತದೆ, ನಾವು ಅದರ ಹಿಂದೆ ಹೋಗುತ್ತೇವೆ. ಕೊನೆಗೆ ಇಡೀ ಬೈಲು ಖಾಲಿ. ಇದರ ಬದಲು ಹುಣಿಯಲ್ಲಿ ಒಂದು ತೆಂಗಿನ ಮರವೋ ಮುಂಡುಕನ ಪೊದೆಯೋ ನೋಡಿ, ಅದಕ್ಕೆ ಬೆನ್ನು ಕೊಟ್ಟು ಇಪ್ಪತ್ತು ನಿಮಿಷ ಕೂತುಬಿಡಿ. ಮೊದಲ ಐದು ನಿಮಿಷ ಏನೂ ಇರುವುದಿಲ್ಲ. ಮಗಳಿಗೆ ಬೇಜಾರಾಗುತ್ತದೆ, ಒಂದು ಕಡ್ಲೆ ಮಿಠಾಯಿ ಕೊಡಿ. ಹತ್ತನೇ ನಿಮಿಷಕ್ಕೆ ಹಾರಿಹೋದವು ಒಂದೊಂದಾಗಿ ಬಂದಿಳಿಯುತ್ತವೆ. ಎಷ್ಟೋ ಸಲ ಅವು ಹಾರಿದಾಗ ಇದ್ದದ್ದಕ್ಕಿಂತ ಹತ್ತಿರಕ್ಕೇ ಬರುತ್ತವೆ.

ಬೆಳಕಿನ ವಿಷಯದಲ್ಲಿ ನಾವು ಕರಾವಳಿಯವರು ಅದೃಷ್ಟವಂತರು, ಲೆಕ್ಕ ಸುಲಭ. ಕಡಲು ಪಡುವಣಕ್ಕೆ. ಬೆಳಿಗ್ಗೆ ಕಡಲಿನ ಕಡೆಗೆ ಮುಖ ಮಾಡಿ ನಡೆದರೆ ಸೂರ್ಯ ಬೆನ್ನಿಗೆ ಬೀಳುತ್ತಾನೆ, ಮುಂದಿರುವ ಹಕ್ಕಿಯ ಬಣ್ಣವೆಲ್ಲ ಕಾಣುತ್ತದೆ. ಸಂಜೆ ಹೊಳೆ ಕಡೆಯಿಂದ ಮನೆ ಕಡೆಗೆ. ಇದನ್ನು ತಿರುವುಮುರುವು ಮಾಡಿದರೆ ನಿಮಗೆ ಕಾಣುವುದು ಕಪ್ಪು ನೆರಳು ಮಾತ್ರ. ನಿಮ್ಮ ಕಂದು ಹಕ್ಕಿಗಳ ಸಮಸ್ಯೆಯಲ್ಲಿ ಅರ್ಧ ಇದೇ ಇರಬಹುದು. ಫೆಬ್ರವರಿಯಲ್ಲಿ ಏಳು ಗಂಟೆಗೆ ಸ್ವಲ್ಪ ಮೊದಲು ಸೂರ್ಯ ಹುಟ್ಟುತ್ತಾನೆ. ಏಳಕ್ಕೆ ಹುಣಿಯಲ್ಲಿರಿ, ಒಂಬತ್ತೂವರೆಗೆ ಮನೆಗೆ ಬನ್ನಿ. ಆಮೇಲೆ ಸೆಖೆ, ಹಕ್ಕಿಗೂ ನಮಗೂ.

ಬಿಳಿ ಅಂಗಿ ಬೇಡ. ಮಾಸಿದ ಹಸಿರೋ ಕಂದೋ ಇದ್ದರೆ ಸಾಕು. ನಮ್ಮ ಕಡೆಯ ಗಂಡಸರಿಗೆ ಇದು ಕಷ್ಟ, ಬಿಳಿ ಮುಂಡು ಬಿಟ್ಟು ಬರಬೇಕಲ್ಲ!

ಇನ್ನು ಆ ಕಂದು ಹಕ್ಕಿಗಳು. ಕೆಸರಿನ ಅಂಚಿನಲ್ಲಿ ಓಡಾಡುತ್ತಾ ಉದ್ದ ಕೊಕ್ಕಿನಿಂದ ಕುಕ್ಕುವ, ಗೊರವಂಕದಷ್ಟು ಅಥವಾ ತುಸು ಚಿಕ್ಕ ಗಾತ್ರದವು ತಾನೆ? ಅವನ್ನು ಕನ್ನಡದಲ್ಲಿ ಒಟ್ಟಾಗಿ ಗೊರವ ಅನ್ನುತ್ತೇವೆ. ಒಂದೊಂದಕ್ಕೂ ಒಂದೊಂದು ಪುಸ್ತಕದಲ್ಲಿ ಒಂದೊಂದು ಹೆಸರಿರುವುದರಿಂದ ಇಲ್ಲಿ ಇಂಗ್ಲಿಷ್ ಹೆಸರನ್ನೇ ಬಳಸುತ್ತೇನೆ. ನಿಮ್ಮ ಬೈಲಿನಲ್ಲಿ ಮುಖ್ಯವಾಗಿ ಮೂರು ಸಿಗಬಹುದು: ವುಡ್ ಸ್ಯಾಂಡ್‌ಪೈಪರ್, ಗ್ರೀನ್ ಸ್ಯಾಂಡ್‌ಪೈಪರ್, ಕಾಮನ್ ಸ್ಯಾಂಡ್‌ಪೈಪರ್. ಈ ತಿಂಗಳು ಈ ಮೂರನ್ನು ಬಿಡಿಸಿ ಗುರುತಿಸಲು ಕಲಿತರೆ ಸಾಕು.

ಬಣ್ಣದಿಂದ ಶುರು ಮಾಡಬೇಡಿ. ಎಲ್ಲಿದೆ, ಒಬ್ಬಂಟಿಯಾ, ಏನು ಮಾಡುತ್ತಿದೆ, ಹಾರುವಾಗ ಹೇಗೆ ಕಾಣುತ್ತದೆ, ಇಷ್ಟನ್ನು ಮೊದಲು ನೋಡಿ.

ತೆರೆದ ಗದ್ದೆಯಲ್ಲಿ ಐದಾರು ಒಟ್ಟಿಗೆ ಓಡಾಡುತ್ತಿದ್ದರೆ ಅದು ಹೆಚ್ಚಾಗಿ ವುಡ್. ಬೆನ್ನು ನೋಡಿ: ಕಾಫಿ ಪುಡಿಯ ಮೇಲೆ ರವೆ ಚೆಲ್ಲಿದ ಹಾಗೆ ಚುಕ್ಕಿ. ಕಣ್ಣಿನ ಮೇಲೆ ಹುಬ್ಬಿನಂತೆ ಉದ್ದದ ಬಿಳಿ ಗೆರೆ, ಅದು ಕಣ್ಣಿನ ಹಿಂದಕ್ಕೂ ಚಾಚಿರುತ್ತದೆ. ಕಾಲು ಹಳದಿ ಛಾಯೆಯದು, ಕೊಂಚ ಉದ್ದ. ಎಬ್ಬಿಸಿದರೆ 'ಚಿಫ್-ಇಫ್-ಇಫ್' ಅಂತ ಸಣ್ಣಗೆ ಕೂಗಿ ಮೇಲೇರುತ್ತದೆ.

ತೋಡಿನ ನೆರಳಿನಲ್ಲಿ, ಅಡಿಕೆ ತೋಟದ ಕಣಿಯಲ್ಲಿ, ದನ ನೀರು ಕುಡಿಯುವ ಗುಂಡಿಯ ಬದಿಯಲ್ಲಿ ಒಂದೇ ಒಂದು ಇದ್ದರೆ ಗ್ರೀನ್ ಇರಬಹುದು. ಹಸಿರು ಅಂತ ಹೆಸರು, ಹಸಿರು ನಮಗಂತೂ ಕಾಣುವುದಿಲ್ಲ. ಬೆನ್ನು ಕಡು ಕಂದು, ಚುಕ್ಕಿ ತೀರಾ ಚಿಕ್ಕದು, ಬಿಳಿ ಹುಬ್ಬು ಕಣ್ಣಿನ ಮುಂದೆಯೇ ನಿಂತುಬಿಡುತ್ತದೆ. ಇದನ್ನು ನಾವು ನೋಡುವ ಮೊದಲೇ ಅದು ನಮ್ಮನ್ನು ನೋಡಿರುತ್ತದೆ. 'ಟ್ಲೂಈಟ್-ವೀಟ್-ವೀಟ್' ಅಂತ ಜೋರಾಗಿ ಕೂಗಿ ಚಿಮ್ಮುತ್ತದೆ. ಚಿಮ್ಮುವಾಗ ರೆಕ್ಕೆ ಕಪ್ಪು, ಸೊಂಟ ಅಚ್ಚ ಬಿಳಿ. ಮಗಳಿಗೆ ಇದರ ಇನ್ನೊಂದು ವಿಷಯ ಹೇಳಿ. ನೆಲದ ಮೇಲೆ, ಕೆಸರಿನಲ್ಲಿ ಬದುಕುವ ಈ ಹಕ್ಕಿ ಉತ್ತರದ ಕಾಡುಗಳಿಗೆ ಹೋದ ಮೇಲೆ ಮೊಟ್ಟೆ ಇಡುವುದು ಮರದ ಮೇಲೆ, ಅದೂ ಬೇರೆ ಹಕ್ಕಿ ಬಿಟ್ಟುಹೋದ ಹಳೆಯ ಗೂಡಿನಲ್ಲಿ.

ಕಾಮನ್ ಸ್ಯಾಂಡ್‌ಪೈಪರ್ ಇಷ್ಟಪಡುವುದು ಕಲ್ಲು, ಕಟ್ಟದ ಅಂಚು, ಹೊಳೆ ಬದಿಯ ದೋಣಿ. ಇದಕ್ಕೆ ಸುಮ್ಮನೆ ನಿಲ್ಲಲು ಬರುವುದೇ ಇಲ್ಲ, ಹಿಂಭಾಗ ಸದಾ ಮೇಲೆ ಕೆಳಗೆ ಕುಣಿಯುತ್ತಿರುತ್ತದೆ. ಎದೆಯ ಪಕ್ಕದಲ್ಲಿ ರೆಕ್ಕೆಯ ಮುಂದಕ್ಕೆ ಬಿಳಿ ಬಣ್ಣ ಹೆಗಲಿನ ಕಡೆಗೆ ನುಗ್ಗಿರುತ್ತದೆ. ಈ ಒಂದು ಗುರುತು ಸಾಕು. ಹಾರುವಾಗ ನೀರಿಗೆ ತಾಗುವ ಹಾಗೆ ತಗ್ಗಿನಲ್ಲಿ, ರೆಕ್ಕೆಯನ್ನು ಬಿಗಿಯಾಗಿ ಪಟಪಟ ಬಡಿದು ಸ್ವಲ್ಪ ತೇಲಿ ಮತ್ತೆ ಪಟಪಟ.

ಬಾಲ ಕುಣಿಸುವುದನ್ನು ನೋಡಿ ಸಿಪಿಲೆ ಅಂದುಕೊಳ್ಳಬೇಡಿ. ಸಿಪಿಲೆಗೆ ಕೊಕ್ಕು ಗಿಡ್ಡ, ಬಾಲ ಉದ್ದ. ಫೆಬ್ರವರಿಯಲ್ಲಿ ತೋಡಿನ ಬದಿಯಲ್ಲಿ ಬೂದು ಸಿಪಿಲೆ ಇನ್ನೂ ಇರುತ್ತದೆ. ಹೊಟ್ಟೆ ಕೆಳಗಿನ ಹಳದಿ ನೋಡಿದರೆ ಸಾಕು.

ಮೂರನ್ನೂ ಗುರುತಿಸಿದ ಮೇಲೂ ತಪ್ಪುತ್ತೀರಿ. ನಾನು ಒಮ್ಮೆ ಶಾಲೆ ಮಕ್ಕಳನ್ನು ಕರಕೊಂಡು ಹೋಗಿ ಅರ್ಧ ಗಂಟೆ ಗ್ರೀನ್ ಸ್ಯಾಂಡ್‌ಪೈಪರ್ ಬಗ್ಗೆ ಭಾಷಣ ಮಾಡಿದ್ದೆ. ಕೊನೆಗೆ ಹಕ್ಕಿ ಹಾರಿ 'ಚಿಫ್-ಇಫ್-ಇಫ್' ಅಂದಿತು. ಮಕ್ಕಳು ನನ್ನ ಮುಖ ನೋಡಿದರು. ಅವತ್ತಿನಿಂದ ಹಕ್ಕಿ ಬಾಯಿ ಬಿಡುವವರೆಗೆ ನಾನು ಬಾಯಿ ಬಿಡುವುದಿಲ್ಲ.

ಆಪಿನ ಜೌಗು ಇದೆ ಅಂದಿರಲ್ಲ, ಅಲ್ಲಿ ಗಲಾಟೆಯ ಜನ ಇರುತ್ತಾರೆ. ನೇರಳೆ ಜಂಬುಕೋಳಿಯನ್ನು ಯಾರೂ ತಪ್ಪಾಗಿ ಗುರುತಿಸಲು ಸಾಧ್ಯವಿಲ್ಲ, ಊರುಕೋಳಿಯಷ್ಟು ದೊಡ್ಡದು, ಹಣೆಯಲ್ಲಿ ಕೆಂಪು ಪಟ್ಟಿ. ಒಂದು ಕಾಲಿನಲ್ಲಿ ಆಪಿನ ದಂಟನ್ನು ನಾವು ಕಬ್ಬು ಹಿಡಿದ ಹಾಗೆ ಹಿಡಿದು ತಿನ್ನುತ್ತದೆ. ಹುಂಡುಕೋಳಿ ಬೆಳಿಗ್ಗೆ ಅಂಚಿಗೆ ಬಂದು ಮತ್ತೆ ಒಳಗೆ ಓಡುತ್ತದೆ. ತಾವರೆ, ನೈದಿಲೆ ಎಲೆ ಇದ್ದರೆ ದೇವನಕ್ಕಿ ಹುಡುಕಿ. ಒಂದು ಎಚ್ಚರಿಕೆ: ಪುಸ್ತಕದ ಚಿತ್ರದಲ್ಲಿ ಬಾಲದ ದೇವನಕ್ಕಿಗೆ ಕುಡುಗೋಲಿನಂಥ ಉದ್ದ ಬಾಲ ಇರುತ್ತದೆ. ಅದು ಮರಿ ಮಾಡುವ ಕಾಲದ ವೇಷ. ಈಗ ಬಾಲ ಗಿಡ್ಡ, ಬಣ್ಣ ಮಂಕು. ಚಿತ್ರದ ಜೊತೆ ಹೋಲಿಸಿದರೆ ಮಗಳು ಇದು ಬೇರೆಯೇ ಹಕ್ಕಿ ಅನ್ನುತ್ತಾಳೆ.

ಹುಣಿಯ ಮೇಲೆ ಕುತ್ತಿಗೆ ಮುದುಡಿ ಕೂತ ಕೊಳದ ಬಕವನ್ನು ಮಕ್ಕಳಿಗೆ ಜಾದೂ ಅಂತ ತೋರಿಸಬಹುದು. ಕೂತಾಗ ಕೆಸರಿನ ಬಣ್ಣ, ಕಾಣುವುದೇ ಇಲ್ಲ. ಹಾರಿದರೆ ರೆಕ್ಕೆಯೆಲ್ಲ ಬಿಳಿ. ಮತ್ತೆ ಇಳಿದು ಮುದುಡಿದರೆ ಮಾಯ.

ಕೂತಿರುವಾಗ ಒಮ್ಮೆಗೇ ಇಡೀ ಬೈಲಿನ ಹಕ್ಕಿಗಳು ಎದ್ದುಬಿಟ್ಟರೆ ಅವನ್ನು ನೋಡುತ್ತಾ ಕೂರಬೇಡಿ. ಎಬ್ಬಿಸಿದವರು ಯಾರು ಅಂತ ಹುಡುಕಿ. ನಾಯಿ ಅಥವಾ ಮನುಷ್ಯ ಅಲ್ಲದಿದ್ದರೆ ಹೆಚ್ಚಾಗಿ ಅದು ಸೆಳೆವ, ಜೌಗಿನ ಮೇಲೆ ತೆಂಗಿನ ಅರ್ಧದಷ್ಟು ಎತ್ತರದಲ್ಲಿ ತೇಲುವ ಬೇಟೆ ಹಕ್ಕಿ. ರೆಕ್ಕೆ ಎರಡೂ ಸ್ವಲ್ಪ ಮೇಲಕ್ಕೆ ಎತ್ತಿರುತ್ತದೆ, ತಲೆ ಕೆಳಗೆ. ಹೆಣ್ಣಿಗೆ ಕಡು ಕಂದು ಮೈ, ತಲೆಗೆ ಮಾತ್ರ ಕೆನೆ ಬಣ್ಣದ ಟೊಪ್ಪಿ. ಹೋದ ವರ್ಷ ಇದೇ ಹೊತ್ತಿನಲ್ಲಿ ಒಂದು ನನ್ನ ಎದುರಿನ ಆಪಿನ ಮೇಲೆ ಬಂತು. ಗೊರವಗಳೆಲ್ಲ ಎದ್ದವು, ಟಿಟ್ಟಿಭ ಬೈಯತೊಡಗಿತು. ನನ್ನಿಂದ ಹತ್ತು ಅಡಿ ದೂರದಲ್ಲಿ, ಹುಲ್ಲಿನ ಬುಡದಲ್ಲಿ ಸ್ನೈಪ್ ಎಂಬ ಕೆಸರಿನ ಹಕ್ಕಿಯೊಂದು ಮಾತ್ರ ಏಳಲಿಲ್ಲ. ಅಲ್ಲಿ ಸ್ನೈಪ್ ಇತ್ತು ಅಂತಲೇ ನನಗೆ ಆವರೆಗೆ ಗೊತ್ತಿರಲಿಲ್ಲ. ಹೊಟ್ಟೆಯನ್ನು ಕೆಸರಿಗೆ ಒತ್ತಿ, ಆ ಉದ್ದ ಕೊಕ್ಕನ್ನು ಹುಲ್ಲಿನೊಳಗೆ ಇಳಿಬಿಟ್ಟು, ಬೆನ್ನಿನ ಹಳದಿ ಗೆರೆಗಳು ಒಣಹುಲ್ಲಿನ ಎಸಳುಗಳ ಸಾಲಿಗೇ ಸೇರಿಹೋಗಿದ್ದವು. ಕಣ್ಣು ಮಾತ್ರ ಮಿಣಿ ಅನ್ನುತ್ತಿತ್ತು. ಸೆಳೆವ ದಾಟಿಹೋದ ಮೇಲೂ ಅದು ಎರಡು ನಿಮಿಷ ಅಲ್ಲಾಡಲಿಲ್ಲ. ನಾನೂ ಅಲ್ಲಾಡಲಿಲ್ಲ, ಕಾಲು ಜೋಮು ಹಿಡಿದಿತ್ತು.

ಕಾಂಡ್ಲದ ಕಡೆ ಹೋಗುವುದಾದರೆ ಗಡಿಯಾರಕ್ಕಿಂತ ಭರತ-ಇಳಿತ ಮುಖ್ಯ. ಭರತದಲ್ಲಿ ಕೆಸರು ದಿಬ್ಬ ಮುಳುಗಿರುತ್ತದೆ, ಹಕ್ಕಿಗಳು ಎಲ್ಲೋ ಒತ್ತಾಗಿ ಕೂತು ನಿದ್ದೆ ಮಾಡುತ್ತವೆ. ನೀರು ಇಳಿಯತೊಡಗಿ ಕೆಸರು ಹೊಸದಾಗಿ ತೆರೆದುಕೊಳ್ಳುವ ಮೊದಲ ಎರಡು ಗಂಟೆ ಹೋಗಿ. ಭರತಕ್ಕೂ ಇಳಿತಕ್ಕೂ ಆರು ಗಂಟೆಗಿಂತ ಸ್ವಲ್ಪ ಜಾಸ್ತಿ ಅಂತರ, ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಹೋಗುತ್ತದೆ. ಹಾಗಾಗಿ ಈ ಭಾನುವಾರದ ಹೊತ್ತು ಮುಂದಿನ ಭಾನುವಾರಕ್ಕೆ ಆಗುವುದಿಲ್ಲ. ಮೊಬೈಲಿನಲ್ಲಿ ಮಂಗಳೂರು ಬಂದರಿನ ಸಮಯ ಸಿಗುತ್ತದೆ, ಹೊಳೆಯ ಒಳಗೆ ಬರುವಾಗ ಸ್ವಲ್ಪ ತಡ. ಅದಕ್ಕಿಂತ ಸುಲಭ, ಮರುವಾಯಿ (ಚಿಪ್ಪು) ಹೆಕ್ಕುವವರನ್ನು ಕೇಳಿ. ಅವರಿಗೆ ಯಾವ ಆ್ಯಪೂ ಬೇಡ.

ಅಲ್ಲಿ ಮರಳಿನ ಮೇಲೆ ಓಡಿ ನಿಂತು ಮತ್ತೆ ಓಡುವ ದುಂಡು ತಲೆಯ ಪ್ಲವರ್‌ಗಳಿರುತ್ತವೆ. ಈಗ ಅವು ಬೂದು-ಬಿಳಿ. ಮಾರ್ಚ್ ಕಳೆಯುತ್ತಾ ಸ್ಯಾಂಡ್ ಪ್ಲವರ್‌ಗಳ ಎದೆಗೆ ಇಟ್ಟಿಗೆ ಕೆಂಪು ಏರತೊಡಗುತ್ತದೆ, ಹಿಮಾಲಯದಾಚೆಗೆ ಮರಿ ಮಾಡಲು ಹೊರಡುವ ತಯಾರಿ. ಒಂದೇ ಜಾಗಕ್ಕೆ ವಾರವಾರ ಹೋಗಿ ಅಂತ ನಾನು ಹೇಳುವುದು ಇದಕ್ಕೇ. ಹೊಸ ಹೊಸ ಜಾಗ ಸುತ್ತಿದರೆ ಪಟ್ಟಿ ಉದ್ದವಾಗುತ್ತದೆ. ಒಂದೇ ಹುಣಿಗೆ ಎಂಟು ವಾರ ಹೋದರೆ ಹಕ್ಕಿ ಬಣ್ಣ ಬದಲಿಸುವುದು, ಒಂದು ದಿನ ಅದು ಇಲ್ಲದಿರುವುದು, ಎರಡೂ ಗೊತ್ತಾಗುತ್ತದೆ. ಎಲ್ಲವೂ ಹೋಗುವುದಿಲ್ಲ ಅನ್ನಿ. ಇನ್ನೂ ಪ್ರಾಯಕ್ಕೆ ಬರದ ಕೆಲವು ಮಳೆಗಾಲದಲ್ಲೂ ಇಲ್ಲೇ ಉಳಿಯುತ್ತವೆ.

ಕಾಂಡ್ಲದ ಮೇಲೆ ಆಗಾಗ ತಲೆ ಎತ್ತಿ ನೋಡಿ. ಕೆಂಗಂದು ಮೈ, ಬಿಳಿ ತಲೆಯದು ಗರುಡ. ಅದಕ್ಕಿಂತ ತುಂಬಾ ದೊಡ್ಡದು, ಹೊಟ್ಟೆಯೆಲ್ಲ ಬಿಳಿ, ರೆಕ್ಕೆಯ ಹಿಂದಿನ ಅಂಚು ಕಪ್ಪು, ಬಾಲ ಬೆಣೆಯ ಹಾಗೆ ಇದ್ದರೆ ಅದು ಬಿಳಿ ಹೊಟ್ಟೆಯ ಕಡಲ ಹದ್ದು. 2023ರಲ್ಲಿ ಕಾಸರಗೋಡು ತನ್ನದೇ ಜಿಲ್ಲಾ ಹಕ್ಕಿ ಅಂತ ಘೋಷಿಸಿಕೊಂಡದ್ದು ಇದನ್ನೇ. ಕಾಸರಕದ ಮರ ಜಿಲ್ಲಾ ಮರ. ಹದ್ದಿನ ಗೂಡು ಕಂಡರೆ ದೂರದಿಂದ ನೋಡಿ ಬನ್ನಿ, ಎಲ್ಲಿದೆ ಅಂತ ಫೋಟೋ ಸಮೇತ ಊರಿಗೆಲ್ಲ ಕಳಿಸಬೇಡಿ.

ಬೈನಾಕ್ಯುಲರ್: ಮೊದಲ ತಿಂಗಳು ಬೇಡ. ಬರಿಗಣ್ಣಿನಲ್ಲಿ ನಡೆ-ನುಡಿ ನೋಡಲು ಕಲಿಯಲಿ. ಆಮೇಲೆ ಕೊಳ್ಳುವುದಾದರೆ 8x42 ಅಂತ ಬರೆದಿರುವುದು ತೆಗೆದುಕೊಳ್ಳಿ. ಎಂಟು ಪಟ್ಟು ಹತ್ತಿರ ಕಾಣುತ್ತದೆ, ಮುಂದಿನ ಗಾಜಿನ ಅಗಲ 42 ಮಿಲಿಮೀಟರ್. ಮಗುವಿನ ಕೈಗೆ ಭಾರ ಅನಿಸಿದರೆ 8x32. ಅಂಗಡಿಯವರು 20x, 30x ಅಂತ ತೋರಿಸಿದರೆ ಮರುಳಾಗಬೇಡಿ. ಪಟ್ಟು ಜಾಸ್ತಿಯಾದಷ್ಟೂ ಕೈ ನಡುಗಿದ್ದೂ ಅಷ್ಟೇ ಪಟ್ಟು ಕಾಣುತ್ತದೆ, ನೋಟದ ಅಗಲವೂ ಕಿರಿದು. ಓಡಾಡುವ ಗೊರವವನ್ನು ಹುಡುಕುವಷ್ಟರಲ್ಲಿ ಅದು ಹೋಗಿರುತ್ತದೆ. ಬದಲಿಗೆ ಈಗಲೇ ಒಂದು ನೂರು ಪುಟದ ನೋಟ್‌ಬುಕ್ ಕೊಡಿಸಿ. ತಾರೀಕು, ಹೊತ್ತು, ಜಾಗ, ಎಷ್ಟು ಹಕ್ಕಿ, ಏನು ಮಾಡುತ್ತಿತ್ತು. ಹೆಸರು ಗೊತ್ತಿಲ್ಲದಿದ್ದರೆ ಚಿತ್ರ ಬಿಡಿಸಲಿ. ಮನೆಯಲ್ಲಿ ಅಜ್ಜಿ ಇದ್ದರೆ ಅವರನ್ನೂ ಕೇಳಲಿ. ಕುಂಬಳೆ ಕಡೆಯ ಮನೆಯೊಂದರಲ್ಲಿ ಒಂದು ಹಕ್ಕಿಗೆ ಕನ್ನಡ, ತುಳು, ಮಲಯಾಳ ಮೂರು ಹೆಸರು ಸಿಕ್ಕರೆ ಆಶ್ಚರ್ಯವಿಲ್ಲ, ಮೂರನ್ನೂ ಬರೆದುಕೊಳ್ಳಲಿ.

ಫೆಬ್ರವರಿ ನಡುವೆ ನಾಲ್ಕು ದಿನ 'ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್' ಎಂಬ ಹಕ್ಕಿ ಎಣಿಕೆ ಲೋಕದಾದ್ಯಂತ ನಡೆಯುತ್ತದೆ. ಶುರುವಾದದ್ದು 1998ರಲ್ಲಿ ಅಮೆರಿಕ, ಕೆನಡಾ ಕಡೆ, ಭಾರತ 2013ರಿಂದ ಸೇರಿದೆ. ಕನಿಷ್ಠ ಹದಿನೈದು ನಿಮಿಷ ಒಂದು ಕಡೆ ನಿಂತು ಕಂಡದ್ದನ್ನೆಲ್ಲ ಎಣಿಸಿ ಹಕ್ಕಿ ಪಟ್ಟಿ ದಾಖಲಿಸುವ ಜಾಲತಾಣ ಇ-ಬರ್ಡ್‌ನಲ್ಲಿ ಹಾಕಿದರೆ ಆಯಿತು. ಮಗಳಿಗೆ ಖಂಡಿತಾ ಖುಷಿಯಾಗುತ್ತದೆ. ಹೆಚ್ಚುಕಡಿಮೆ ನಮ್ಮ ತುಳುನಾಡಿನ ಭೂಮಿಯ ಹಬ್ಬ ಕೆಡ್ಡಸದ ಹೊತ್ತಿಗೇ ಬರುತ್ತದೆ. ಭೂಮಿಯನ್ನು ಅಗೆಯಬಾರದು, ಹಸಿ ಕಡಿಯಬಾರದು ಅನ್ನುವ ಆ ದಿನಗಳಲ್ಲೇ ಹಿಂದಿನವರು ಬೇಟೆಗೆ ಹೋಗುತ್ತಿದ್ದರು. ಈಗ ಅದೇ ಗುಡ್ಡೆ, ಅದೇ ಬೈಲಿನಲ್ಲಿ ಮಕ್ಕಳು ಎಣಿಸಿಕೊಂಡು ಬರುತ್ತಾರೆ.

ಕಾಲಿನ ಕಡೆ ಗಮನ ಇರಲಿ. ಹುಣಿ ಬಿಟ್ಟು ಜೌಗಿಗೆ ಇಳಿಯಬೇಡಿ. ಮೇಲೆ ಹುಲ್ಲು ಕಂಡರೂ ಕೆಳಗೆ ಸೊಂಟದವರೆಗೆ ಕೆಸರಿರಬಹುದು. ಕೈಯಲ್ಲೊಂದು ಕೋಲಿರಲಿ. ನೀರೊಳ್ಳೆ ಕಂಡರೆ ಹೆದರುವುದು ಬೇಡ, ವಿಷವಿಲ್ಲ. ಹುಣಿಯ ಒಣಹುಲ್ಲಿನಲ್ಲಿ ಕೊಳಕುಮಂಡಲ ಇರುತ್ತದೆ, ಅದಕ್ಕೆ ಹೆದರಲೇಬೇಕು. ಚಪ್ಪಲಿ ಬೇಡ, ಶೂ ಹಾಕಿ. ಕಾಡುಹಂದಿಗೆ ಬೇಲಿಗೆ ಕರೆಂಟ್ ಕೊಟ್ಟಿದ್ದಾರಾ ಅಂತ ಗದ್ದೆಯವರನ್ನು ಮೊದಲೇ ವಿಚಾರಿಸಿ. ಮಾರ್ಚ್ ಹೊತ್ತಿಗೆ ಮುರಕಲ್ಲಿನ ಪಾರೆಯಲ್ಲೋ ಒಣಗಿದ ಗದ್ದೆಯಲ್ಲೋ ಟಿಟ್ಟಿಭ ತಲೆಯ ಮೇಲೇ ಎರಗಿ ಎರಗಿ ಕೂಗಿದರೆ ನಿಂತುಬಿಡಿ. ಮೊಟ್ಟೆ ಬರಿ ನೆಲದ ಮೇಲಿರುತ್ತದೆ, ಕಲ್ಲಿನ ಚೂರಿನ ಹಾಗೇ ಕಾಣುತ್ತದೆ. ಬಂದ ಹೆಜ್ಜೆಯಲ್ಲೇ ಹಿಂದೆ ಹೋಗಿ.

ಗದ್ದೆಯವರನ್ನು ಮಾತಾಡಿಸಿಕೊಳ್ಳಿ ಅನ್ನುವುದು ನನ್ನ ಸ್ವಂತ ಪಾಠ. ಮೊದಲ ಕ್ಯಾಮರಾ ಕೊಂಡ ವರ್ಷ ಒಂದು ಸ್ನೈಪ್‌ನ ಹಿಂದೆ ಓಡಿ ಹೊಸದಾಗಿ ಕಟ್ಟಿದ ಹುಣಿಯನ್ನು ಮೂರು ಕಡೆ ಜರಿಸಿಬಿಟ್ಟೆ. ನೀರೆಲ್ಲ ಕೆಳಗಿನ ಗದ್ದೆಗೆ. ಯಜಮಾನರು ಬಂದು "ಹುಣಿ ಕಟ್ಟುವುದು ಎಷ್ಟು ಕಷ್ಟ ಗೊತ್ತುಂಟಾ ಮಾರಾಯ್ರೇ" ಅಂದರು, ಅಷ್ಟೇ. ಬೈದಿದ್ದರೆ ವಾಸಿ ಇತ್ತು. ಹಾರೆ ಇಸ್ಕೊಂಡು ಅವರ ಜೊತೆ ಕೆಸರು ಹಾಕಿದೆ, ಸರಿಯಾಗಿ ಹಾಕಲೂ ಬರಲಿಲ್ಲ. ಆಮೇಲೆ ಅವರೇ ನನಗೆ ಎಷ್ಟೋ ಹಕ್ಕಿ ತೋರಿಸಿದರು. ಕೊಳಕೆ ಬಿಟ್ಟು ಅಡಿಕೆ ಇಟ್ಟರೆ ದುಡ್ಡು ಜಾಸ್ತಿ ಅಂತ ಅವರಿಗೂ ಗೊತ್ತಿತ್ತು. ಕೇರಳದಲ್ಲಿ ಗದ್ದೆ ಮತ್ತು ಜೌಗು ಉಳಿಸಲು 2008ರಿಂದ ಕಾನೂನು ಉಂಟು. ಆದರೂ ಆ ಬೈಲಿನ ಅರ್ಧ ಈಗ ತೋಟ. ವುಡ್ ಸ್ಯಾಂಡ್‌ಪೈಪರ್ ಕೂರುತ್ತಿದ್ದ ಜಾಗದಲ್ಲಿ ಕಣಿ ತೋಡಿದ್ದಾರೆ, ಅಲ್ಲಿ ಈಗ ಒಂದು ಗ್ರೀನ್ ಇದೆ.

ನಾಯಿ ಬೇಡ. ಅದು ಏನೂ ಮಾಡದಿದ್ದರೂ, ಬೆಲ್ಟ್ ಹಾಕಿ ಹಿಡಿದುಕೊಂಡಿದ್ದರೂ ಹಕ್ಕಿಗಳ ಲೆಕ್ಕದಲ್ಲಿ ಅದು ನರಿ. ನೀವು ಇಪ್ಪತ್ತು ನಿಮಿಷ ಕೂತದ್ದು ಅದರ ಒಂದು ಬೊಗಳಿಗೆ ಹೋಗುತ್ತದೆ. ಹೊರಡುವ ಹೊತ್ತಿಗೆ ಕಟ್ಟಲು ಹೋದರೆ ಅದಕ್ಕೆ ಗೊತ್ತಾಗಿ ತಪ್ಪಿಸಿಕೊಳ್ಳುತ್ತದೆ, ನಮ್ಮದು ಹಾಗೇ ಮಾಡುತ್ತಿತ್ತು. ಹಿಂದಿನ ರಾತ್ರಿ ಊಟ ಹಾಕುವಾಗಲೇ ಕಟ್ಟಿಬಿಡಿ.